ಮಾವನವರನ್ನು ಓರೆಯಾಗಿ ಅಚ್ಚು ಹಾಕಿದ್ದು

ಮದುವೆಯ ಕರೆಯೋಲೆ ಎಂದರೆ ಹೇಗಿರಬೇಕೆಂದು ಹಾಸನ ಜಿಲ್ಲೆಗೇ ತೋರಿಸಿಬಿಡುತ್ತೇನೆ! ನಾದಿನಿ ಗಂಗಾಂಬಿಕೆಯ ಮದುವೆ ಗೊತ್ತಾದ ದಿನ ನಾನು ಮಾಡಿದ ಶಪಥವಿದು. ಹಾಸನದಲ್ಲಿ ನನ್ನದೇ ಅಚ್ಚುಕೂಟ. ತೆಳು, ದಪ್ಪ, ಅತಿದಪ್ಪ ಅಚ್ಚುಮೊಳೆಗಳ ಜೊತೆಗೆ ಆಗಷ್ಟೇ ಬೆಂಗಳೂರಿನಿಂದ ಓರೆ ಅಕ್ಷರವೂ ದಯಮಾಡಿಸಿತ್ತು. ನೆಟ್ಟಗೆ ನಿಲ್ಲದೆ ಬಲಕ್ಕೆ ಬಾಗಿದ, ಬಲು ಒಯ್ಯಾರದ ಅಕ್ಷರ!

ವಧೂವರರಿಗೆ ಅತಿದಪ್ಪ, ಬಂಧುಗಳಿಗೆ ದಪ್ಪ, ಉಳಿದ ಒಕ್ಕಣೆಗೆ ತೆಳು. ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿ, ನನ್ನ ಮಾವ ಚನ್ನಬಸವಯ್ಯನವರ ಹೆಸರೊಂದನ್ನೇ ಓರೆಯಲ್ಲಿ ಕೂರಿಸಿದೆ.

"ಅಪ್ಪಯ್ಯನ ಹೆಸ್ರು ಯಾಕ್ರೀ ವಾಲ್ಕೊಂಡೈತೆ?" ಎಂದಳು ನನ್ನ ಹೆಂಡತಿ ನೀಲಾಂಬಿಕೆ.

"ಅದು ಗೌರವ ಕಣೇ! ಅಚ್ಚಿನ ವಿದ್ಯೆ ನಿನಗೇನು ಗೊತ್ತು?"

"ನನಗ್ಯಾಕೆ ಗೊತ್ತಾಗ್ಬೇಕು? ಓದೋರಿಗೆ ಗೊತ್ತಾದ್ರೆ ಸಾಕು."

ಓದಿದವರಿಗೆ ಗೊತ್ತಾಗಲಿಲ್ಲ! ಕರೆಯೋಲೆ ತಲುಪಿದ್ದೇ ತಡ, ನುಗ್ಗೇಹಳ್ಳಿಯ ನೆಂಟರು ಕಿತ್ತಳೆಹಣ್ಣು ಹಿಡಿದು ಇದ್ದಿಲ ಹೊಗೆಯಿಂದ ಓಡುವ ಬಸ್ಸಿನಲ್ಲಿ ಮಾವನ ಮನೆಗೆ ಬಂದಿಳಿದರು. ಮಾವನ ಅಕ್ಕ ದಾಕ್ಷಾಯಣಮ್ಮನವರಂತೂ ಬಾಗಿಲಲ್ಲೇ ಕಣ್ಣೊರೆಸಿಕೊಂಡರು.

"ಎಲ್ರ ಹೆಸ್ರೂ ನೆಟ್ಟಗೆ ನಿಂತವೆ, ನಿಂದೊಂದೇ ಮಲಗಾಕೆ ಓಯ್ತೈತೆ. ಎಷ್ಟು ದಿನದಿಂದ ಉಸಾರಿಲ್ಲ ಕಣಪ್ಪಾ?"

ಬಾಗೂರಿನ ನೆಂಟರು ಬಂದು ಕಷಾಯ ಕುಡಿಸಿ ಕುಡಿಸಿ, ಗುಂಡುಕಲ್ಲಿನಂತಿದ್ದ ಮಾವನವರು ನಿಜಕ್ಕೂ ನರಳುವಂತೆ ಮಾಡಿದರು. ಇಲಿ ಹೋಯಿತೆಂದರೆ ಹುಲಿ ಹೋಯಿತೆನ್ನುವ ಜನ! ಸುದ್ದಿ ಹೊಳೆನರಸೀಪುರಕ್ಕೂ ಮುಟ್ಟಿ, ಗಂಡಿನ ತಂದೆ ರುದ್ರಯ್ಯನವರು ಹೇಳಿಕಳಿಸಿದರು: "ಯಜಮಾನರು ಹಾಸಿಗೆ ಹಿಡಿದಿರುವಾಗ ಶುಭಕಾರ್ಯ ಬೇಡ. ಮದುವೆ ಮುಂದಕ್ಕೆ ಹಾಕೋಣ."

ಗಂಗಾಂಬಿಕೆ ಕೋಣೆ ಸೇರಿ ಅಳತೊಡಗಿದಳು. ಮತ್ತೆ ಅಚ್ಚು ಹಾಕೋಣವೆಂದರೆ ಯುದ್ಧಕಾಲ, ಹಾಳೆಗೇ ಬರ! ಕೊನೆಗೆ ನಾನೇ ಹೊಳೆನರಸೀಪುರಕ್ಕೆ ಓಡಿ, ಬೀಗರ ಕೈಕಾಲು ಹಿಡಿದು ಮಾವನ ಮನೆಗೆ ಕರೆತಂದೆ.

ಅವರು ಗಾಡಿಯಿಂದ ಇಳಿಯುತ್ತಲೇ, ಮಾವನವರು ತೆಂಗಿನಕಾಯಿ ಮೂಟೆಯೊಂದನ್ನು ಹೆಗಲಿಗೇರಿಸಿ ಅಂಗಳದ ತುಂಬ ಠೀವಿಯಿಂದ ಓಡಾಡಿದರು.

"ನೋಡ್ಕಳಿ ಬೀಗ್ರೇ! ಎಲ್ಲಾದ್ರೂ ವಾಲಿದೀನಾ?"

"ಇಳಿಸಿ, ಇಳಿಸಿ!" ಎಂದು ರುದ್ರಯ್ಯನವರು ಗಾಬರಿಯಾದರು. "ಮೊದಲಿನ ಮುಹೂರ್ತವೇ ಗಟ್ಟಿ. ಇಲ್ದಿದ್ರೆ ನಿಜವಾಗ್ಲೂ ಹಾಸಿಗೆ ಹಿಡೀತೀರ!"

ಅಬ್ಬಾ, ಮದುವೆ ಉಳಿಯಿತು! ಹೋದ ಜೀವ ಬಂದದ್ದೇ ನನಗೆ ಮತ್ತೆ ಹುರುಪು.

"ಮಾವಯ್ಯ, ಮದುವೆ ದಿನ ಹಂಚೋಕೆ ಒಂದು ಆಶೀರ್ವಾದದ ಪದ್ಯ ಅಚ್ಚು ಹಾಕ್ಲಾ?"

ಮಾವನವರು ಇಳಿಸಿದ್ದ ಮೂಟೆಯನ್ನು ಮತ್ತೆ ನೋಡಿದರು. ಉತ್ತರ ಕೊಟ್ಟವಳು ನೀಲಾಂಬಿಕೆ.

"ನೀವು ಪಂಕ್ತೀಲಿ ಬಾಳೆಎಲೆ ಹಾಕಿ, ಸಾಕು. ಅದು ಓರೆ ಆದ್ರೆ ಹರ್ದು ಓಗೋದು ಸಾರು, ಸಂಬಂಧ ಅಲ್ಲ!"