ಕಣ್ಣು ಕಟ್ಟಿಕೊಂಡ ಪರೀಕ್ಷಕರು

ನಮ್ಮ ಕಾಕಾ ಜೀವಮಾನದಲ್ಲಿ ಒಂದೂ ಪರೀಕ್ಷೆ ಪಾಸಾದವರಲ್ಲ. ಬಹುಶಃ ಅದಕ್ಕೇ ಇರಬೇಕು, ಊರವರನ್ನೆಲ್ಲ ಪರೀಕ್ಷೆ ಮಾಡುವುದು ತಮ್ಮ ಜನ್ಮಸಿದ್ಧ ಹಕ್ಕು ಎಂದು ತಿಳಿದಿದ್ದರು! ಸಾಂಗ್ಲಿ ಸಂಸ್ಥಾನವಿದ್ದ ಕಾಲ ಅದು. ಪೇಟೆಯಲ್ಲಿ ನಮ್ಮದು ಅರಿಷಿಣದ ಅಡತಿ ಅಂಗಡಿ, ಎಂದರೆ ರೈತರ ಮಾಲು ಮಾರಿಕೊಡುವ ದಲಾಲಿ. "ಈ ಸಂಸ್ಥಾನದಾಗ ಪರೀಕ್ಷಾ ಇಲ್ಲದ ಗಾದಿ ಮ್ಯಾಲೆ ಕುಂದ್ರಾಂವ ರಾಜಾ ಒಬ್ಬನ. ನನ್ನ ಗಾದಿಗೆ ಬರಾಂವ ಪರೀಕ್ಷಾ ಕೊಟ್ಟ ಬರಬೇಕು" ಎನ್ನುತ್ತಿದ್ದರು. ಸ್ವಂತ ಅಣ್ಣನ ಮಗನಾದ ನನ್ನನ್ನೂ ಬಿಡಲಿಲ್ಲ. ಗಾದಿಯ ಮೇಲೆ ಮಧ್ಯಾಹ್ನವಿಡೀ ನೊಣ ಹೊಡೆಯದೆ ಕೂತು ತೋರಿಸಿದ ಮೇಲೆಯೇ ನನಗೆ ಅಂಗಡಿಯಲ್ಲಿ ಜಾಗ ಸಿಕ್ಕಿದ್ದು.

ಹಮಾಲರಿಗೆ ಇಟ್ಟ ಪರೀಕ್ಷೆ ಕೇಳಿ. ಸಾಂಗ್ಲಿವಾಡಿಯಿಂದ ಒಂದು ಚೀಲ ಹೊತ್ತು ಕೃಷ್ಣೆಯ ಸೇತುವೆ ದಾಟಿ ಬರಬೇಕು. ಬಂದವನು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಕಾಕಾ ಕೇಳುತ್ತಿದ್ದರು: "ದಾರ್ಯಾಗ ಯಾರ್ಯಾರು ಸಿಕ್ಕಿದ್ರೋ?" ನಾಲ್ಕು ಹೆಸರು ಹೇಳಿದರೆ ಬಾಯಿಬಡಕ ಎಂದು ನಪಾಸು. ಯಾರೂ ಸಿಗಲಿಲ್ಲ ಎಂದರೆ ಸುಳ್ಳ ಎಂದು ನಪಾಸು! ಹಾಗಾಗಿ ಅಜ್ಜನ ಕಾಲದಲ್ಲಿ ಪರೀಕ್ಷೆ ಇಲ್ಲದೆ ಸೇರಿದ್ದ ಇಬ್ಬರು ಮುದುಕ ಹಮಾಲರೇ ನಮ್ಮ ಅಂಗಡಿಯ ಇಡೀ ಸೈನ್ಯ.

ಒಮ್ಮೆ ಕಾಕಾ ಹಲ್ಲುನೋವೆಂದು ಮಿರಜಿಗೆ ಹೋದರು. ಡಾಕ್ಟರು ಇಕ್ಕಳ ಕೈಗೆತ್ತಿಕೊಂಡದ್ದೇ ತಡ, ಇವರು ಕಿಸೆಯಿಂದ ಮೊಳೆ ಹೊಡೆದಿದ್ದ ಹಲಗೆಯ ತುಂಡೊಂದನ್ನು ತೆಗೆದು ಮುಂದಿಟ್ಟರಂತೆ! "ಮೊದಲ ಇದನ್ನ ಕೀಳ್ರಿ ನೋಡೂಣು." ಡಾಕ್ಟರು ಇವರನ್ನು ಬಾಗಿಲ ಆಚೆ ಕಳಿಸಿದರು. ಹಲ್ಲು ಹಾಗೇ ಉಳಿಯಿತು, ಬಾವು ಹದಿನೈದು ದಿನ ಉಳಿಯಿತು. ಕಾಕಾ ಮಾತ್ರ ಡಾಕ್ಟರೇ ನಪಾಸಾದರು ಎಂದು ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದರು.

ಇಂಥವರ ಮುಂದೆ ಸಲಗರೆಯ ಬೀರಪ್ಪ ಬಂದು ನಿಂತ. ಕುರಿ ಸಾಕುವವರ ಮನೆತನ. ಎಂಟನೆಯ ವರ್ಷಕ್ಕೆ ಸಿಡುಬಿನಲ್ಲಿ ಎರಡೂ ಕಣ್ಣು ಹೋಗಿದ್ದವು; ಈಗ ನಲವತ್ತರ ಹತ್ತಿರ. ಅಣ್ಣ ಚಕ್ಕಡಿಯಲ್ಲಿ ಕರೆತಂದಿದ್ದ. ನಮ್ಮ ಪೇಟೆಯಲ್ಲಿ ಆಗ ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಒಂದು ವಸ್ತ್ರದ ಕೆಳಗೆ ಕೈಯಿಟ್ಟು, ಹಿಡಿದ ಬೆರಳಿನ ಲೆಕ್ಕದಲ್ಲೇ ದರ ಮಾತಾಡಬೇಕು. ಆ ಕೆಲಸ ಮಾಡುತ್ತಿದ್ದ ನಮ್ಮ ಹಳೆಯ ಮನುಷ್ಯ ಕೆಲಸ ಬಿಟ್ಟು ಮಗಳ ಊರಾದ ಖಂಡೇರಾಜುರಿ ಸೇರಿದ್ದ. ಆ ಜಾಗ ಖಾಲಿ ಇದೆಯೆಂದು ಕೇಳಿಯೇ ಬೀರಪ್ಪ ಬಂದದ್ದು.

"ಕುರಿ ಸಂತ್ಯಾಗೂ ಹಿಂಗ ವಸ್ತ್ರದಾಗ ವ್ಯಾಪಾರ ರೀ ಸಾವಕಾರ್ರ. ನಮ್ಮಪ್ಪ ಕಲಿಸ್ಯಾನ. ವಸ್ತ್ರದ ಕೆಳಗ ಕಣ್ಣಿದ್ದಾಂವಗೂ ಏನ ಕಾಣತೈತಿ ಹೇಳ್ರಿ?"

ನ್ಯಾಯವಾದ ಮಾತೇ. ಆದರೆ ಕಾಕಾ ಅಷ್ಟಕ್ಕೆಲ್ಲ ಸೋಲುವವರೇ? ಸಿಟ್ಟು ಬಂದರೂ ಹುರುಪು ಬಂದರೂ ಅವರ ಬಾಯಿಂದ ಮರಾಠಿ ಉದುರುತ್ತಿತ್ತು. "ಪರೀಕ್ಷಾ ದ್ಯಾವೀಚ ಲಾಗೇಲ!" ಎಂದರು. ಪರೀಕ್ಷೆ ಕೊಡಲೇಬೇಕು, ಮೂರು ದಿನ. ರಾತ್ರಿ ಮಲಗಲು ಅಂಗಡಿಯ ಹಿಂದಿನ ಹಮಾಲರ ಖೋಲಿ.

ಅವನ ಅಣ್ಣ ಒಳ್ಳೆಯ ಮನುಷ್ಯ. "ಮೂರನೇ ದಿನ ಸಂಜೀಕ ಬರ್ತೇನಿ. ಆಗಲಿಲ್ಲಂದ್ರ ಮನಸಿಗೆ ಹಚ್ಚಿಕೋಬ್ಯಾಡ. ಮನ್ಯಾಗ ಕಟ್ಟಿ ಐತಿ, ಹೊತ್ತಿಗೆ ರೊಟ್ಟಿ ಐತಿ" ಎಂದು ಹೇಳಿ ಹೋದ. ಆ ಕಟ್ಟೆಯ ಮಾತು ಬಂದಾಗ ಬೀರಪ್ಪನ ಮುಖ ಸಣ್ಣದಾದದ್ದನ್ನು ನಾನು ನೋಡಿದೆ. ಮೂವತ್ತು ವರ್ಷ ಅವನು ಕೂತದ್ದು ಅದೇ ಕಟ್ಟೆಯ ಮೇಲೆ.

ಮೊದಲ ದಿನ ಕಾಕಾ ಅವನ ಮುಖದ ಮುಂದೆ ಕೈ ಬೀಸಿ ಬೀಸಿ ನೋಡಿದರು. ಬೀರಪ್ಪ ವಿನಯದಿಂದ, "ಗಾಳಿ ಸಾಕ್ರಿ ಸಾವಕಾರ್ರ, ನನಗೇನ ಅಷ್ಟ ಸೆಕಿ ಆಗಿಲ್ಲ" ಎಂದ. ಹಮಾಲರು ಚೀಲದ ಮರೆಗೆ ಹೋಗಿ ನಕ್ಕರು.

ಎರಡನೆಯ ದಿನ ಇನ್ನೂ ದೊಡ್ಡ ಸಾಹಸ. ಕಣ್ಣಿಲ್ಲದವನಿಗೆ ಈ ಕೆಲಸ ಆಗುತ್ತದೋ ಇಲ್ಲವೋ ಎಂದು ತಿಳಿಯಲು ಕಾಕಾ ತಮ್ಮ ಕಣ್ಣಿಗೇ ಬಟ್ಟೆ ಕಟ್ಟಿಕೊಂಡು ಅಂಗಡಿಯಲ್ಲಿ ಓಡಾಡಿದರು! ಮೊದಲು ತಕ್ಕಡಿಗೆ ಹಣೆ ಬಡಿಯಿತು. ಆಮೇಲೆ ಹಮಾಲನ ಕೈ ಹಿಡಿದು, ಗಿರಾಕಿ ಎಂದು ತಿಳಿದು, ಬಹಳ ಹೊತ್ತು ಮರ್ಯಾದೆಯಿಂದ ಮಾತಾಡಿದರು. ಕೊನೆಗೆ ಅರಿಷಿಣದ ರಾಶಿಯ ಮೇಲೆ ಬೋರಲು ಬಿದ್ದು, ಮದುಮಗನ ಬಣ್ಣದಲ್ಲಿ ಎದ್ದು, ಬಟ್ಟೆ ಕಿತ್ತೆಸೆದು ತೀರ್ಪು ಕೊಟ್ಟರು: "ಆಗೂದಿಲ್ಲ! ಕಣ್ಣಿಲ್ಲದಾಂವಗ ಈ ಕೆಲಸ ಸುತಾರಾಂ ಆಗೂದಿಲ್ಲ. ನಾನ ಸ್ವತಾ ಮಾಡಿ ನೋಡೇನಿ!"

ಬೀರಪ್ಪ ಗಟ್ಟಿಯಾಗಿ ನಕ್ಕುಬಿಟ್ಟ. "ನಿಮಗ ಕಣ್ಣ ಹೋಗಿ ಇನ್ನಾ ಅರ್ಧಾ ತಾಸ ಆಗಿಲ್ಲರಿ. ನನ್ನದು ಮೂವತ್ತ ವರ್ಷದ್ದು. ಇದಕ್ಕೂ ರೂಢಿ ಬೇಕ್ರಿ ಸಾವಕಾರ್ರ!"

ಇದೆಲ್ಲ ಮನೆಗೆ ಮುಟ್ಟಿ, ಮೂರನೆಯ ದಿನ ಮುಂಜಾನೆ ಅಜ್ಜಿಯೇ ಅಂಗಡಿಗೆ ಬಂದಳು. ಕಾಕಾ ಊರಿನಲ್ಲಿ ಹೆದರುತ್ತಿದ್ದದ್ದು ತಮ್ಮ ಈ ತಾಯಿಗೆ ಮಾತ್ರ. "ಅಲ್ಲೋ, ಕಣ್ಣಿಲ್ಲಂತ ಅಂವಾ ತಾನ ಬಾಯಿ ಬಿಟ್ಟ ಹೇಳ್ಯಾನ. ನೀ ಎರಡ ದಿನದಿಂದ ಅದನ್ನ ಪರೀಕ್ಷಾ ಮಾಡಾಕತ್ತಿ. ಕೆಲಸ ಬರತೈತೋ ಇಲ್ಲೋ ಯಾವಾಗ ನೋಡ್ತಿ?"

ಕಾಕಾ ಕೂಡಲೇ ಅರಿಷಿಣದ ಮೂರು ಚೀಲ ತರಿಸಿ ಮುಂದಿಟ್ಟರು. ಬೀರಪ್ಪ ಒಂದೊಂದರಲ್ಲೂ ಮೊಣಕೈವರೆಗೆ ಕೈ ತೂರಿಸಿದ, ಒಂದು ಕೊಂಬು ಮುರಿದು ಕಿವಿಯ ಹತ್ತಿರ ಹಿಡಿದ, ಮೂಸಿದ. "ಎರಡ ಚೊಲೊ ಅದಾವ್ರಿ. ಈ ನಡುವಿನ ಚೀಲದ್ದು ಮ್ಯಾಲ ಒಣಗೈತಿ, ತಳದಾಗ ಹಸಿ ಐತಿ. ಉಣ್ಣೆ ಮೂಟ್ಯಾಗೂ ಹಿಂಗ ಮಾಡ್ತಾರ್ರಿ ಮಂದಿ." ಚೀಲ ಸುರುವಿ ನೋಡಿದರೆ ಮಾತು ನಿಜ! ಹಿಂದಿನ ವಾರ ಆ ಚೀಲವನ್ನು ಕಣ್ಣಾರೆ ನೋಡಿ ಪಾಸು ಮಾಡಿದವರು ಯಾರು ಎಂದು ನಾನು ಹೇಳುವುದಿಲ್ಲ. ಅವರ ಹಣೆಯ ಮೇಲೆ ತಕ್ಕಡಿಯ ಗಾಯವಿತ್ತು.

ಮಧ್ಯಾಹ್ನ ಗುಜರಾತಿ ವ್ಯಾಪಾರಿಯೊಬ್ಬ ಬಂದ. ಬೀರಪ್ಪ ವಸ್ತ್ರದ ಕೆಳಗೆ ಅವನ ಕೈ ಹಿಡಿದ. ವ್ಯಾಪಾರಿ ತಲೆ ಅಲ್ಲಾಡಿಸಿದ, ಇದೇ ಕೊನೆಯ ದರ ಎಂದ, ಎದ್ದು ಹೋಗುವವನಂತೆ ಚಪ್ಪಲಿ ಮೆಟ್ಟಿದ. ಬೀರಪ್ಪ ಮಾತ್ರ ಕನ್ನಡದಲ್ಲಿ ತಣ್ಣಗೆ ಹೇಳಿದ: "ಹೋಗೂದಿಲ್ಲರಿ ಇವ್ರು. ಬಾಯಿ ಒಲ್ಲೆ ಅಂತೈತಿ, ಬೆರಳ ಬಿಡವಲ್ದು." ವ್ಯಾಪಾರಿ ದರ ಏರಿಸಿ ಕೊಂಡುಕೊಂಡ. ಪೇಟೆಗೆ ಪೇಟೆಯೇ ಶಾಭಾಸ್ ಎಂದಿತು.

ಇನ್ನೇನು ಉಳಿಯಿತು ಎನ್ನುತ್ತೀರಾ? ನೀವು ನಮ್ಮ ಕಾಕಾನನ್ನು ಕಂಡಿಲ್ಲ! ಸಂಜೆ ಅಣ್ಣನ ಚಕ್ಕಡಿ ಬಾಗಿಲಿಗೆ ಬಂದು ನಿಂತಾಗ ಇವರು ಗಂಟಲು ಸರಿಮಾಡಿಕೊಂಡು, "ನಾಳೆ ಇನ್ನೊಂದ ಪರೀಕ್ಷಾ ಐತಿ..." ಎಂದು ಶುರುಮಾಡಿದರು.

ಬೀರಪ್ಪ ಕೋಲು ಹುಡುಕಿಕೊಂಡು ಎದ್ದು ನಿಂತ. "ಬ್ಯಾಡ್ರಿ ಸಾವಕಾರ್ರ. ಈ ಮೂರ ದಿನ ನನ್ನ ಕಡೆಯಿಂದ ಏನೇನೋ ಮಾಡಿಸಿದ್ರಿ, ಬಾಳ ಖುಷಿ ಆತು. ಮನ್ಯಾಗ ಯಾರೂ ಒಂದ ಕಡ್ಡಿ ಎತ್ತಂತ ಹೇಳಾಂಗಿಲ್ಲ. ಆದ್ರ ನಾ ಇನ್ನೊಂದ ದಿನ ಆಶಾ ಇಟ್ಕೊಂಡು ಆಮ್ಯಾಲೆ ಹೊಳ್ಳಿ ಹೋಗೂದು ನನ್ನಿಂದ ಆಗೂದಿಲ್ಲರಿ. ಆಗೂದಿಲ್ಲಂದ್ರ ಈಗ ಹೇಳಿಬಿಡ್ರಿ."

ಕಾಕಾ ನಾಲ್ಕು ಸಲ ಬಾಯಿ ತೆರೆದರು. ಮರಾಠಿಯೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಆಮೇಲೆ ಗಾದಿಯಿಂದ ಇಳಿದು ಬಂದು, ಬೀರಪ್ಪನ ಕೈ ಹಿಡಿದು ಕೂರಿಸಿ, ಹೆಗಲ ಮೇಲಿನ ವಸ್ತ್ರವನ್ನು ಇಬ್ಬರ ಕೈಗಳ ಮೇಲೆ ಹೊದಿಸಿದರು. ನಮಗೆ ಕೇಳದಂತೆ ಇಬ್ಬರೂ ಏನೋ ಪಿಸುಗುಟ್ಟಿಕೊಂಡರು. ಬೀರಪ್ಪ ತಲೆ ತಗ್ಗಿಸಿದ. ಕಾಕಾ ಥಟ್ಟನೆ ಎದ್ದು, ಮೂಗು ಒರೆಸಿಕೊಳ್ಳುತ್ತ, ಅರಿಷಿಣದ ಧೂಳನ್ನು ಬೈಯುತ್ತ ಹಿತ್ತಲಿಗೆ ಹೋಗಿಬಿಟ್ಟರು.

ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ, "ಬೀರಪ್ಪಾ, ಪಗಾರ ಎಷ್ಟಂದ್ರು?" ಎಂದು ಕೇಳಿದೆ.

"ಪಗಾರ ಹೇಳಲೇ ಇಲ್ಲರಿ. ಬೆರಳ ಹಿಡೀಲಿಲ್ಲ, ಎರಡೂ ಕೈಲೆ ನನ್ನ ಕೈ ಹಿಡಕೊಂಡ ಕುಂತಬಿಟ್ರು. ಇದು ಎಷ್ಟಾತ್ರಿ, ನನಗ ತಿಳೀವಲ್ದು ಅಂದೆ. ಸುಮ್ಮನ ಇರೋ, ನಾಳೆ ಮುಂಜಾನೆ ಲಗೂನ ಬಾ, ತಡಾ ಮಾಡಬ್ಯಾಡ ಅಂದ್ರು." ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ಸಣ್ಣ ಸಾವಕಾರ್ರ, ಹುಟ್ಟಿದಾಗಿಂದ ನನಗ ಯಾರೂ 'ತಡಾ ಮಾಡಬ್ಯಾಡ' ಅಂದಿದ್ದಿಲ್ಲರಿ."