ಹಾರ ಹಾಕಿದ ಕ್ರಿಸ್‌ಮಸ್ ಉಡುಗೊರೆ

ಉಡುಗೊರೆ ಕೊಡುವ ಕಲೆಯಲ್ಲಿ ನನ್ನನ್ನು ಮೀರಿಸುವವರು ಹಾವೇರಿ ಜಿಲ್ಲೆಯಲ್ಲೇ ಇಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಆ ನಂಬಿಕೆ ಹೋದ ಕ್ರಿಸ್‌ಮಸ್ ದಿನ ಮಧ್ಯಾಹ್ನ ಹನ್ನೆರಡರವರೆಗೆ ಗಟ್ಟಿಯಾಗಿತ್ತು.

ನಮ್ಮ ಪಕ್ಕದ ಮನೆಯಲ್ಲಿ ಗ್ರೇಸ್ ಸಿಸ್ಟರ್ ಇದ್ದಾರೆ. ನಿವೃತ್ತ ನರ್ಸ್. ನಮ್ಮ ಅವ್ವ ಹಾಸಿಗೆ ಹಿಡಿದಿದ್ದ ಆರು ತಿಂಗಳು ದಿನಾ ಬಂದು ಮೈ ಒರೆಸಿ, ಗಾಯಕ್ಕೆ ಔಷಧಿ ಹಚ್ಚಿ ಹೋದವರು. ಪ್ರತಿ ಕ್ರಿಸ್‌ಮಸ್ಸಿಗೆ ನಮಗೆ ಕೇಕು, ಕರ್ಚಿಕಾಯಿ ಕಳಿಸುತ್ತಾರೆ. ಹನ್ನೆರಡು ವರ್ಷ ನಾವು ತಿಂದೆವು, ಡಬ್ಬಿ ತೊಳೆದು ವಾಪಸ್ ಕೊಟ್ಟೆವು. ನಮ್ಮ ಕೊಡುಗೆ ಅಷ್ಟೇ!

“ಈ ಸಲ ನಾವೂ ಏನರೆ ಕೊಡೂಣ್ರಿ. ಒಂದು ಇಳಕಲ್ ಸೀರಿ ತರ್ರಿ,” ಎಂದಳು ಹೆಂಡತಿ ಶಿವಲೀಲಾ.

“ಸೀರಿ ಯಾರ್ ಬೇಕಾದ್ರೂ ಕೊಡ್ತಾರ. ಉಡುಗೊರಿ ಅಂದ್ರ ಮನಸ್ಸಿಗೆ ತಟ್ಟಬೇಕು,” ಎಂದೆ ನಾನು.

ಸಿಸ್ಟರ್ ಅವರ ಯಜಮಾನರು ನಾವು ಈ ಓಣಿಗೆ ಬರುವ ಮೊದಲೇ ತೀರಿಕೊಂಡಿದ್ದರು. ಅವರ ಮನೆಯ ಷೋಕೇಸಿನಲ್ಲಿ ಕೋಟು ತೊಟ್ಟ, ಗುಂಗುರು ಕೂದಲಿನ, ದಪ್ಪ ಮೀಸೆಯ ಗಂಡಸೊಬ್ಬರ ಅಂಗೈಯಗಲದ ಫೋಟೋ ಇತ್ತು. ಪಾಪ, ಗೋಡೆಯ ಮೇಲೆ ದೊಡ್ಡದೊಂದು ಫೋಟೋ ಇಲ್ಲವಲ್ಲ! ಅದನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಕೊಟ್ಟರೆ?

“ಮೊದ್ಲು ಸಿಸ್ಟರ್‌ನ ಒಂದು ಮಾತು ಕೇಳ್ರಿ,” ಎಂದಳು ಶಿವಲೀಲಾ.

“ಕೇಳಿದ್ರ ಸರ್‌ಪ್ರೈಜ್ ಎಲ್ಲಿ ಉಳೀತು?”

ಮೊಬೈಲಿಗೆ ಸಿಗ್ನಲ್ ಹುಡುಕುವವನಂತೆ ಅವರ ಪಡಸಾಲೆಯಲ್ಲಿ ಎರಡು ಸುತ್ತು ಹಾಕಿ ಫೋಟೋದ ಫೋಟೋ ಹೊಡೆದೆ. ಹಾವೇರಿಯಲ್ಲಿ ಮಾಡಿಸಿದರೆ ಗುಟ್ಟು ರಟ್ಟಾದೀತೆಂದು ರಾಣೆಬೆನ್ನೂರಿನ ಸ್ಟುಡಿಯೋಕ್ಕೆ ಹೋದೆ.

“ಕೆಳಗ ಹೆಸರು ಏನ್ ಹಾಕೂದ್ರಿ?” ಎಂದು ಸ್ಟುಡಿಯೋದವನು ಕೇಳಿದ.

ಹೆಸರು! ನನಗೆ ಗೊತ್ತಿದ್ದರೆ ತಾನೆ! ಹೆಂಡತಿಗೆ ಫೋನ್ ಮಾಡಿದೆ. ಅವಳಿಗೂ ಗೊತ್ತಿಲ್ಲ. ನನ್ನ ಬುದ್ಧಿ ತಕ್ಷಣ ಕೆಲಸ ಮಾಡಿತು. “ಗ್ರೇಸ್ ಸಿಸ್ಟರ್ ಅವರ ದಿವಂಗತ ಯಜಮಾನರು” ಎಂದು ಬಂಗಾರದ ಅಕ್ಷರದಲ್ಲಿ ಬರೆಸಿದೆ. ಸ್ಟುಡಿಯೋದವನು ಗಂಧದ ಹಾರವೊಂದನ್ನು ಕಟ್ಟಿಗೆ ಅಂಟಿಸಿಯೇ ಕೊಟ್ಟ. “ಜನ್ಮಕ್ಕೂ ಬೀಳಂಗಿಲ್ರಿ,” ಎಂದ.

ಬಸ್ಸಿನಲ್ಲಿ ನಿಂತೇ ಹೊರಟೆ. ಮೋಟೆಬೆನ್ನೂರಿನಲ್ಲಿ ಹತ್ತಿದ ಬ್ಯಾಡಗಿ ಪೇಟೆಯ ಅಜ್ಜಿಯೊಬ್ಬಳು ಫೋಟೋ ನೋಡಿ ಕೈ ಮುಗಿದಳು. “ನಿಮ್ಮಪ್ಪ ಏನೋ ತಮ್ಮಾ?” ಎಂದಳು. ನೆರೆಮನೆಯವರ ಯಜಮಾನರು, ಕ್ರಿಸ್‌ಮಸ್ ಉಡುಗೊರೆ ಎಂದೆಲ್ಲ ವಿವರಿಸಲು ಹೋಗದೆ “ಹೂಂ” ಎಂದೆ. ಇಬ್ಬರು ಎದ್ದು ನಿಂತು ಸೀಟು ಬಿಟ್ಟರು. ಅಜ್ಜಿ ಹಾವೇರಿಯವರೆಗೂ ನನ್ನ ಬೆನ್ನು ಸವರುತ್ತಲೇ ಬಂದಳು. ಹೆತ್ತಪ್ಪ ಊರಲ್ಲಿ ಗಟ್ಟಿಮುಟ್ಟಾಗಿ ರೊಟ್ಟಿ ತಿನ್ನುತ್ತಿರುವಾಗ ನಾನು ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದೆ. ಆಗಲೇ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ.

ಕ್ರಿಸ್‌ಮಸ್ ದಿನ ಸಿಸ್ಟರ್ ಮನೆ ತುಂಬ ಜನ. ಚರ್ಚಿನಿಂದ ಪಾಸ್ಟರ್ ಸಹ ಬಂದಿದ್ದರು. ಬಣ್ಣದ ಕಾಗದ ಸುತ್ತಿದ ಕಟ್ಟು ಭಾರವಾಗಿತ್ತು. ಸೋಫಾದಲ್ಲಿ ಕೇಕು ತಿನ್ನುತ್ತಿದ್ದ ಬೋಳುತಲೆಯ ಹಿರಿಯರೊಬ್ಬರಿಗೆ, “ಸ್ವಲ್ಪ ಆ ಕಡೆ ಹಿಡೀರಿ,” ಎಂದೆ. ಅವರು ಸಂತೋಷದಿಂದ ತಟ್ಟೆ ಕೆಳಗಿಟ್ಟು ಬಂದು ಹಿಡಿದರು. ಕಾಗದವನ್ನೂ ಅವರೇ ಹರಿದರು.

ಹರಿದವರು ಹಾಗೆಯೇ ನಿಂತರು.

ಪಾಸ್ಟರ್ ಕನ್ನಡಕ ಏರಿಸಿ, ಪ್ರಾರ್ಥನೆ ಓದುವ ದನಿಯಲ್ಲಿ ಓದಿದರು: “ಗ್ರೇಸ್ ಸಿಸ್ಟರ್ ಅವರ ದಿವಂಗತ ಯಜಮಾನರು.”

ಸಿಸ್ಟರ್ ಬಾಯಿಗೆ ಸೆರಗು ಹಿಡಿದು, “ಅಯ್ಯೋ ತಮ್ಮಾ, ಇಂವಾ ನನ್ನ ತಮ್ಮ ಸ್ಯಾಮುವೆಲ್!” ಎಂದರು.

“ಎಲ್ಲೆದಾರ್ರಿ ಅವರು?” ಎಂದೆ.

“ನಿಮ್ಮ ಎದುರಿಗೇ ಅದೀನ್ರಿ,” ಎಂದರು ಬೋಳುತಲೆಯವರು. “ಮೀಸಿ ಹೋಗಿ ಇಪ್ಪತ್ತು ವರ್ಷ ಆತು. ಆದ್ರ ನಾನಿನ್ನೂ ಹೋಗಿಲ್ಲ.” ಅಕ್ಕನ ಕಡೆ ಕೈ ಚಾಚಿದರು. “ಅಕ್ಕಾ, ನೀ ನರ್ಸ್ ಅದಿ. ಒಂದ್ ಸಲ ನಾಡಿ ಹಿಡದು ನೋಡಿಬಿಡು.”

ಜೀವಂತ ಮನುಷ್ಯನನ್ನು ಕೊಂದಿದ್ದಲ್ಲದೆ ಒಡಹುಟ್ಟಿದ ಅಕ್ಕನಿಗೇ ಗಂಡನನ್ನಾಗಿ ಮಾಡಿದ್ದೆ! ಅಲ್ಲಿಗೇ ಬಾಯಿ ಮುಚ್ಚಿಕೊಳ್ಳಬಹುದಿತ್ತು. “ಇದು ಸನ್ಮಾನದ ಹಾರ್ರಿ!” ಎಂದು ಹಾರ ಕೀಳಲು ಹೋದೆ. ಸ್ಟುಡಿಯೋದವನು ಮಾತಿಗೆ ತಪ್ಪುವವನಲ್ಲ. ಜಗ್ಗಿದ ರಭಸಕ್ಕೆ ಹಾರ ಬರಲಿಲ್ಲ, ಕಟ್ಟೇ ಕಿತ್ತುಬಂತು. ಗಂಧದ ಚಕ್ಕೆಗಳು ಕೇಕಿನ ಮೇಲೆ ಉದುರಿದವು. ಶಿವಲೀಲಾ ನನ್ನ ಅಂಗಿ ಹಿಡಿದು ಎಳೆದು, “ಇನ್ನ ಸಾಕ್ರಿ!” ಎಂದಳು ಹಲ್ಲು ಕಚ್ಚಿ.

ಸ್ಯಾಮುವೆಲ್ ದೊಡ್ಡವರು. ಮುರಿದ ಕಟ್ಟನ್ನು ಎತ್ತಿಕೊಂಡು, “ಇರ್ಲಿ ಬಿಡ್ರಿ. ಫೋಟೋ ಛಲೋ ಬಂದೈತಿ. ಮುಂದ ಬೇಕಾಗೂದ ಐತಿ, ಆಗ ಮಕ್ಕಳು ಗಡಿಬಿಡಿ ಮಾಡೂದು ತಪ್ತು,” ಎಂದರು. ಎಲ್ಲರೂ ನಕ್ಕರು. ನಾನೂ ನಗಲು ನೋಡಿದೆ, ಮುಖ ಒಪ್ಪಲಿಲ್ಲ.

ಸಿಸ್ಟರ್ ಮಾತ್ರ ನಗಲಿಲ್ಲ. ಅಡುಗೆಮನೆಗೆ ಹೋದರು. ಕ್ಷಮೆ ಕೇಳಲು ಹಿಂದೆಯೇ ಹೋದೆವು. ಅವರು ಕಣ್ಣೊರೆಸಿಕೊಳ್ಳುತ್ತಿದ್ದರು.

“ತಪ್ಪಾತ್ರಿ ಸಿಸ್ಟರ್...”

“ತಪ್ಪೇನ್ ಬಿಡಪ್ಪ. ನಮ್ಮ ಯಜಮಾನ್ರದು ಒಂದೂ ಛಲೋ ಫೋಟೋ ಇಲ್ಲ ನನ್ನ ಕಡೆ. ಕ್ಯಾಮೆರಾ ಕಂಡ್ರ ಓಡಿಹೋಗ್ತಿದ್ರು. ಮದುವಿ ಫೋಟೋದಾಗೂ ಬಗ್ಗಿ ಬೂಟಿನ ದಾರ ಕಟ್ಟಾಕತ್ತಾರ, ಬೆನ್ನಷ್ಟೇ ಕಾಣತೈತಿ. ಇಷ್ಟು ವರ್ಷದಾಗ ಈ ಓಣ್ಯಾಗ ಯಾರೂ ಅವರನ್ನ ನೆನಸಿರಲಿಲ್ಲ. ನೀನರೆ ನೆನಸಿದೆಲ್ಲ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತಿಗೆ ತಲೆ ಎತ್ತಲಾಗಲಿಲ್ಲ. ನೆಲ ನೋಡುತ್ತಲೇ, “ಅವರ ಹೆಸರೇನ್ರಿ?” ಎಂದು ಕೇಳಿದೆ.

ಪ್ರಭುದಾಸ. ರೋಗಿಗಳ ಮನೆಗೆ ಸಿಸ್ಟರ್ ಅವರನ್ನು ಸೈಕಲ್ಲಿನ ಮೇಲೆ ಕರೆದೊಯ್ಯುತ್ತಿದ್ದರಂತೆ. ಏರು ಬಂದರೆ ಹಾಡು ಹೇಳುತ್ತ ತಳ್ಳುತ್ತಿದ್ದರಂತೆ. ಸಿಸ್ಟರ್ ಒಲೆಯ ಪಕ್ಕ ನಿಂತು ಹೇಳುತ್ತಲೇ ಹೋದರು, ನಾವು ಕೇಳುತ್ತಲೇ ನಿಂತೆವು.

ಗೋಡೆಗೆ ಗೋಡೆ ಹತ್ತಿಕೊಂಡು ಹನ್ನೆರಡು ವರ್ಷ ಬದುಕಿ ಈ ಹೆಸರನ್ನು ಅಂದು ಮೊದಲ ಸಲ ಕೇಳಿದೆ. ಆದರೆ ಸಿಸ್ಟರ್ ಕೇಕಿನ ಒಂದು ತುಂಡಿನಲ್ಲಿ ಎಷ್ಟು ಗೋಡಂಬಿ ಇರುತ್ತವೆ ಎಂದು ನನ್ನನ್ನು ಕೇಳಿ ನೋಡಿ. ಮೂರು! ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತೇನೆ.