ಸಿನಿಮಾ ಸೇರಿದ ಮಾವ

ನಮ್ಮ ಸೋದರಮಾವನಷ್ಟು ಜನಪ್ರಿಯ ಕಲಾವಿದ ಕೊಟ್ಟೂರು ಸೀಮೆಯಲ್ಲಿ ಇನ್ನೊಬ್ಬ ಹುಟ್ಟಿಲ್ಲವೆಂದು ನಾನು ಆಣೆ ಮಾಡಿ ಹೇಳಬಲ್ಲೆ. ಅವನು ಬೀದಿಗಿಳಿದರೆ ಸಾಕು, ಅಭಿಮಾನಿಗಳು ಬೆನ್ನಟ್ಟಿ ಓಡುತ್ತಿದ್ದರು. ಅವರಲ್ಲಿ ಅರ್ಧದಷ್ಟು ನಾಯಿಗಳು ಎಂಬುದು ಬೇರೆ ಮಾತು!

ತೊಂಬತ್ತರ ದಶಕದ ಒಂದು ದಿನ ಕ್ಷೌರದಂಗಡಿಯ ಹಳೆಯ ಇಂಗ್ಲಿಷ್ ಪತ್ರಿಕೆಯಲ್ಲಿ, ನಾಲ್ಕು ಗಾಲಿಯ ಹಲಗೆಯ ಮೇಲೆ ನಿಂತು ಗಾಳಿಯಲ್ಲಿ ಹಾರುವವನೊಬ್ಬನ ಚಿತ್ರ ನೋಡಿದ್ದೇ ಮಾವನ ತಲೆ ಕೆಟ್ಟಿತು. ಅರ್ಧ ಗಡ್ಡ ಬೋಳಿಸಿಕೊಂಡೇ ಎದ್ದು ವೆಲ್ಡಿಂಗ್ ಅಂಗಡಿಗೆ ಓಡಿದನಂತೆ. ಮುರಿದ ಮಂಚದ ಹಲಗೆ, ಕೆಟ್ಟ ಮೋಟಾರುಗಳಿಂದ ಕಿತ್ತ ನಾಲ್ಕು ಬೇರಿಂಗು. ಸಂಜೆಯೊಳಗೆ ವಾಹನ ಸಿದ್ಧ. ಅದರ ಗರಗರ ಸದ್ದಿಗೆ ತೊಟ್ಟಿಲ ಕೂಸುಗಳು ಬೆಚ್ಚಿ ಅಳುತ್ತಿದ್ದವು, ಎಮ್ಮೆಗಳು ಹಾಲು ಕೊಡಲು ಒಲ್ಲೆ ಎನ್ನುತ್ತಿದ್ದವು. ಮಾವನಿಗೆ ಮಾತ್ರ ಅದು ಸಂಗೀತ.

ಅದನ್ನೇ ವೃತ್ತಿ ಮಾಡಿಕೊಂಡ ಎಂದರೆ ನಂಬುತ್ತೀರಾ? ಹಗರಿಬೊಮ್ಮನಹಳ್ಳಿಯ ಬಟ್ಟೆ ಅಂಗಡಿಯವರೊಬ್ಬರು ಅವನ ಬೆನ್ನಿಗೆ ಜಾಹೀರಾತಿನ ಬೋರ್ಡು ಕಟ್ಟಿ, ಸಂತೆಯ ದಿನ ಬೀದಿಗೆ ಬಿಟ್ಟರು. ಸಂಜೆ ಅವರೇ ಕೈ ಮುಗಿದರು.

"ಮಾರಾಯಾ, ಅಂಗಡಿ ಹೆಸರು ಓದೋದ್ರೊಳಗ ನೀ ಬಸ್ ಸ್ಟ್ಯಾಂಡ್ ದಾಟಿರ್ತಿ. ಮಂದಿಗೆ ಏನು ತಿಳೀಬೇಕು?"

"ಓದೋ ಆಸಿ ಇದ್ದೋರು ನನ್ನ ಹಿಂದ ಓಡಿ ಬರ್ಲಿ ಬಿಡ್ರಿ ಸಾವ್ಕಾರ್ರ!"

ಆಮೇಲೆ ನಾಟಕದವರ ಕಣ್ಣಿಗೆ ಬಿದ್ದ. ಇನ್ಸ್‌ಪೆಕ್ಟರ್ ಪಾತ್ರ. ಕೊನೆಯ ದೃಶ್ಯದಲ್ಲಿ ಹಲಗೆಯ ಮೇಲೆ ಜುಮ್ಮನೆ ಬಂದು ಖಳನಾಯಕನಿಗೆ ಬೇಡಿ ಹಾಕಬೇಕು. ಬಂದದ್ದೇನೋ ನಿಜ, ನಿಲ್ಲಲಿಲ್ಲ! ಈ ಕಡೆಯ ಪರದೆಯಿಂದ ಬಂದವನು ಆ ಕಡೆಯ ಪರದೆ ಹೊಕ್ಕು ಮಾಯವಾದ. ಎರಡೂ ಕೈ ಮುಂದೆ ಚಾಚಿ ನಿಂತಿದ್ದ ಖಳನಾಯಕ, "ಸಾಹೇಬ್ರ, ಮತ್ತ ನನ್ನ ಹಿಡಿಯೋರು ಯಾರ್ರಿ?" ಎಂದು ಕೂಗಿಕೊಂಡ. ಜನ ಶಿಳ್ಳೆ ಹೊಡೆದು "ಒನ್ಸ್ ಮೋರ್" ಎಂದರು. ಮೂರನೆಯ ಸಲಕ್ಕೆ ಬೇಸತ್ತ ಖಳನಾಯಕ ತಾನೇ ಹಲಗೆ ಹತ್ತಿ, ಮಾವನ ಸೊಂಟ ಹಿಡಿದುಕೊಂಡು ಜೈಲಿಗೆ ಹೋದ.

ಊರೆಲ್ಲ ನಕ್ಕರೂ ನಗದವಳು ನಮ್ಮ ಅಜ್ಜಿಯೊಬ್ಬಳೇ, ಮಾವನ ತಾಯಿ. "ಕಾಲು ಮುರಕೊಂಡು ಮೂಲ್ಯಾಗ ಕುಂತಿ ಅಂದ್ರ ಏನು ಮಾಡ್ಲಿ ನಾನು?" ಎಂದು ದಿನವೂ ಬೈಗುಳ. ಒಮ್ಮೆ ಅವನ ಪಾದ ತೆಂಗಿನಕಾಯಿಯಷ್ಟು ಊದಿಕೊಂಡಾಗ ಹಲಗೆಯನ್ನು ಎತ್ತಿಕೊಂಡು ಬಚ್ಚಲ ಒಲೆಯ ಮುಂದೆ ನಿಂತೇ ಬಿಟ್ಟಳು. ಮಾವ ಕುಂಟುತ್ತ ಹೋಗಿ ಅಡ್ಡ ಬಿದ್ದ. ಗುಡೇಕೋಟೆಯ ಗುಡ್ಡಗಳಲ್ಲಿ ಯಾವುದೋ ಸಿನಿಮಾದ ಚಿತ್ರೀಕರಣವಿತ್ತು, ಹಲಗೆ ಓಡಿಸುವ ಕೆಲಸಕ್ಕೆ ಇವನಿಗೆ ಕರೆ ಬಂದಿತ್ತು.

"ಅವ್ವಾ, ಇದೊಂದು ಸಿನಿಮಾ ಮಾಡ್ತೀನಿ. ಪರದಿ ಮ್ಯಾಲ ನಾ ಕಾಣಲಿಲ್ಲ ಅಂದ್ರ ನೀನ ಇದನ್ನ ಒಲಿಗೆ ಹಾಕು. ಮತ್ತ ಜನ್ಮದಾಗ ಹಲಗಿ ಹತ್ತಂಗಿಲ್ಲ."

ಅಜ್ಜಿ ಒಪ್ಪಿದಳು. ಪಾದದ ಊತ ಇಳಿದ ಮೇಲೆ ಒಂದೇ ದಿನದ ಚಿತ್ರೀಕರಣಕ್ಕೆ ಹೋದವನು ಪೂರಾ ನಟನಾಗಿ ಮರಳಿದ. ಸ್ನಾನ ಮಾಡುವಾಗಲೂ ಕಪ್ಪು ಕನ್ನಡಕ! ಹಸ್ತಾಕ್ಷರ ಅಭ್ಯಾಸ ಮಾಡಲು ನನ್ನ ಕಾಲೇಜಿನ ನೋಟ್ಸು ಪೂರ್ತಿ ಖರ್ಚಾಯಿತು.

ಸಿನಿಮಾ ಹಗರಿಬೊಮ್ಮನಹಳ್ಳಿಗೆ ಬಂದಾಗ ಟ್ರ್ಯಾಕ್ಟರು ತುಂಬ ಜನ ಮಧ್ಯಾಹ್ನದ ಆಟಕ್ಕೆ ಹೋದೆವು. ಹೀರೋ ಓಡಿ ಬಂದ, ಹಲಗೆಯ ಮೇಲೆ ನೆಗೆದ. ಆಮೇಲೆ ಪರದೆಯ ತುಂಬ ಬರೀ ಎರಡು ಕಾಲು! ಮೊಣಕಾಲಿನವರೆಗೆ ಪ್ಯಾಂಟು, ಬಿಳಿ ಬೂಟು. ಆ ಕಾಲುಗಳು ಇಳಿಜಾರಿನಲ್ಲಿ ಜಾರಿ, ಬಂಡೆಯ ಮೇಲಿಂದ ಹಾರಿ, ನೆಲಕ್ಕಿಳಿದು ಗರ್ರನೆ ತಿರುಗಿದವು. ಅಷ್ಟರಲ್ಲಿ ಮತ್ತೆ ಹೀರೋನ ಮುಖ ಬಂತು. ಮುಗಿಯಿತು!

"ಲೇ, ತಲಿ ಎಲ್ಲಿ ಬಿಟ್ಟು ಬಂದ್ಯೋ?" ಎಂದು ಯಾರೋ ಕೂಗಿದರು. ಟಾಕೀಸೆಲ್ಲ ನಗೆಯೋ ನಗೆ. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ? ಮಾವ ಕುರ್ಚಿಯಲ್ಲಿ ಕುಸಿದು, "ಸೋತೆನವ್ವಾ. ಮನಿಗೆ ಹೋದ ಕೂಡ್ಲೆ ಒಲಿಗೆ ಹಾಕು" ಎಂದ.

ಅಜ್ಜಿ ಎದ್ದು ನಿಂತಳು. ಬಾಯಿಗೆ ಸೆರಗು ಹಿಡಿದಿದ್ದಳು. ಅವಮಾನಕ್ಕೆ ಹೊರಗೆ ಹೋಗುತ್ತಾಳೆ ಎಂದುಕೊಂಡೆ. ಅವಳು ನಗುತ್ತಿದ್ದವರ ಕಡೆ ತಿರುಗಿದಳು.

"ಸುಮ್ಕಿರ್ರಲೇ! ಮೂರು ವರ್ಷ ತುಂಬಿದ್ರೂ ಎದ್ದು ನಿಂತಿರಲಿಲ್ಲ ನನ್ನ ಮಗ. ಹಳ್ಳದ ಉಸುಕಿನ್ಯಾಗ ಸೊಂಟದ ಮಟ ಹುಗದು ನಿಂದ್ರಿಸಿ, ಎದುರಿಗೆ ಕುಂತು ಅಳ್ತಿದ್ದೆ. ಇವನ ಕಾಲು ನೆಲದ ಮ್ಯಾಲ ಊರಿದ್ರ ಸಾಕು ಅಂತ ಕಂಡಕಂಡ ದೇವ್ರಿಗೆ ಬೇಡಿಕೊಂಡಿದ್ದೆ. ಅವು ಹ್ಯಾಂಗ ಹಾರಿದ್ವು, ನೋಡಿದ್ರಿಲ್ಲೋ?"

ಅವಳ ಬೈಗುಳಕ್ಕೆ ಅಷ್ಟು ವರ್ಷ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಅಜ್ಜಿ ಕೂತಳು. ಮಾವ ಅವಳ ಕಡೆ ಬಾಗಿ ಮೆಲ್ಲಗೆ ಕೇಳಿದ, "ಹಲಗಿ ಏನು ಮಾಡ್ಲವ್ವಾ?"

"ಒಲಿಗೆ ಬೇಕಾದಷ್ಟು ಕಟಿಗಿ ಐತಿ ಮನ್ಯಾಗ. ನೀ ಹೋಗಿ ಮುಂದಿನ ಆಟಕ್ಕ ಟಿಕೇಟು ತಗಸು. ಇನ್ನೊಂದ್ಸಲ ನೋಡ್ತೀನಿ."